ಸೌದೆಮನೆಯೊಳಗೆ ಘಾಟಿ ರೈಲು

ಪುಟಾಣಿಗಳೇ, ನಮ್ಮ ಹಿತ್ತಲಿನ ಸೌದೆಮನೆಯಲ್ಲಿರುವ ಪುಟ್ಟ ರೈಲುದಾರಿಯ ವಿಷಯ ನಿಮಗೆ ಗೊತ್ತೇ ಇದೆ. ಎರಡು ವರ್ಷದಿಂದ ಅದು ಮೊಟ್ಟೆಯಾಕಾರದ ಹಳಿಯ ಮೇಲೆ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. "ತಾತ, ಈ ರೈಲು ಯಾವ ಊರಿಗೂ ಹೋಗಲ್ವಲ್ಲ!" ಎಂದಳು ಮೊಮ್ಮಗಳು. ಸರಿ, ಅದಕ್ಕೊಂದು ಊರು ತೋರಿಸಬೇಕು. ಹಾಸನದಲ್ಲಿರುವ ನಮಗೆ ಸಕಲೇಶಪುರದ ಘಾಟಿಗಿಂತ ಚೆಂದದ ದಾರಿ ಇನ್ನೆಲ್ಲಿದೆ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಆ ದಾರಿ ಸುಮಾರು 55 ಕಿ.ಮೀ. ಅದರಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ದಾರಿ ಈಗ ಬ್ರಾಡ್ ಗೇಜ್. ನನ್ನ ರೈಲು 'ಎಚ್‌ಒ' ಅಳತೆಯದು. ಅಂದರೆ ನಿಜವಾದ 87 ಅಡಿ ಇಲ್ಲಿ ಒಂದಡಿ. 55 ಕಿ.ಮೀ.ಯನ್ನು 87ರಿಂದ ಭಾಗಿಸಿ ನೋಡಿ: 632 ಮೀಟರ್! ಸೌದೆಮನೆಯ ಉದ್ದವೋ, ಬರೀ 12 ಅಡಿ.

ಹಾಗಾಗಿ ಘಾಟಿಯನ್ನೆಲ್ಲ ತರುವ ಆಸೆ ಬಿಟ್ಟು, ಘಾಟಿ ಅನ್ನಿಸುವಷ್ಟನ್ನು ಮಾತ್ರ ಆರಿಸಿಕೊಂಡೆವು. ಒಂದು ಸುರಂಗ, ಒಂದು ಎತ್ತರದ ಸೇತುವೆ, ಕಾಡಿನ ನಡುವಿನ ಎಡಕುಮರಿ ನಿಲ್ದಾಣ. ಥರ್ಮೋಕೋಲಿನ ಗುಡ್ಡ, ಹಸಿರು ಬಣ್ಣ ಹಾಕಿದ ಮರದ ಹೊಟ್ಟಿನ ಹುಲ್ಲು, ಒಣಗಿಸಿದ ಚಹಾ ಚರಟದ ಮಣ್ಣು. ಅಂಟಿಗೆ ಫೆವಿಕಾಲೇ ವಾಸಿ. ಮೈದಾ ಅಂಟಾದರೆ ಜಿರಲೆಗಳಿಗೆ ಹಬ್ಬ. ಸುರಂಗದ ಚಾವಣಿ ಮಾತ್ರ ಡಬ್ಬಿಯ ಮುಚ್ಚಳದಂತೆ ತೆಗೆಯಲು ಬರಬೇಕು. ಬೋಗಿ ಹಳಿ ತಪ್ಪುವುದು ಯಾವಾಗಲೂ ಕೈಗೆ ಸಿಗದ ಜಾಗದಲ್ಲೇ.

ನಿಜವಾದ ಪರೀಕ್ಷೆ ಏರಿನದು. ಘಾಟಿಯ ಏರು 1:50. ಅಂದರೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲಕ್ಕೆ. ನಡೆಯುವ ನಮಗೆ ಅದು ಏರೇ ಅಲ್ಲ, ರೈಲಿಗೆ ಬೆಟ್ಟ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಸುಲಭವಾಗಿ ಉರುಳುತ್ತದೆ, ಆದರೆ ಏರಿನಲ್ಲಿ ಅಷ್ಟೇ ಸುಲಭವಾಗಿ ಜಾರುತ್ತದೆ. ಅದಕ್ಕೇ ಘಾಟಿ ಹತ್ತುವ ಗಾಡಿಗಳಿಗೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ.

ಈಗ ನಮ್ಮ ಲೆಕ್ಕ. ಮೇಲಿನ ಹಳಿ ಕೆಳಗಿನ ಹಳಿಯನ್ನು ದಾಟಬೇಕಾದರೆ ಬೋಗಿಯ ಎತ್ತರಕ್ಕೆ 5 ಸೆಂ.ಮೀ., ಹಲಗೆ ಮತ್ತು ಹಳಿಗೆ 2, ಸಂದಿಗೆ 1. ಒಟ್ಟು 8 ಸೆಂ.ಮೀ. ಅದನ್ನು 50ರಿಂದ ಗುಣಿಸಿದರೆ 4 ಮೀಟರ್. 12 ಅಡಿಯ ಗೋಡೆ 3 ಮೀಟರ್ 66 ಸೆಂ.ಮೀ. ಮಾತ್ರ. 34 ಸೆಂ.ಮೀ. ಕೊರತೆ! ಏರು ಥಟ್ಟನೆ ಶುರುವಾಗಿ ಥಟ್ಟನೆ ಮುಗಿಯುವಂತೆಯೂ ಇಲ್ಲ, ನಯವಾಗಿ ಏಳಬೇಕು, ನಯವಾಗಿ ಸಮವಾಗಬೇಕು. ಅದಕ್ಕೆ ಇನ್ನಷ್ಟು ಉದ್ದ. ಹೀಗಾಗಿ ದಾರಿ ಮೂಲೆ ತಿರುಗಿ ಪಕ್ಕದ ಗೋಡೆಗೆ ಹೋಗಲೇಬೇಕು. ಆ ಗೋಡೆಯಲ್ಲಿ ಇರುವುದು ಬಾಗಿಲು.

ಬಾಗಿಲು ನಮ್ಮ ಮನೆಯವರ ಇಲಾಖೆ. ತೆಂಗಿನಕಾಯಿ, ಏಣಿ, ಪೊರಕೆ ಎಲ್ಲ ಒಳಗೇ ಇವೆ. "ಬಗ್ಗಿ ನುಸುಳೋಕೆ ನನ್ನ ಮಂಡಿ ಒಪ್ಪಲ್ಲ, ನಿಮ್ಮದೂ ಒಪ್ಪಲ್ಲ" ಎಂದರು. ನ್ಯಾಯವೇ. ಬಾಗಿಲಿಗೆ ಅಡ್ಡಲಾಗಿ ಕೀಲು ಹಾಕಿದ, ಎತ್ತಬಹುದಾದ ಹಲಗೆ ಸೇತುವೆ ಮಾಡಿದೆ. ಆದರೆ ಸೇತುವೆ ಎತ್ತಿರುವಾಗ ರೈಲು ಬಂದರೆ? ಮೂರಡಿ ಕೆಳಗೆ ಸಿಮೆಂಟಿನ ನೆಲ, ಎಂಜಿನ್ ಪುಡಿ. ಅದಕ್ಕೆ ಸೇತುವೆಯ ಎರಡೂ ಬದಿಯ ಒಂದೊಂದು ಮೀಟರ್ ಹಳಿಗೆ ಕರೆಂಟು ಸೇತುವೆಯ ಹಿತ್ತಾಳೆ ಪಟ್ಟಿಗಳ ಮೂಲಕವೇ ಹೋಗುವಂತೆ ತಂತಿ ಎಳೆದಿದ್ದೇನೆ. ಹಲಗೆ ಮೇಲೆದ್ದರೆ ಪಟ್ಟಿ ಬಿಡುತ್ತದೆ, ರೈಲು ತಾನೇ ನಿಲ್ಲುತ್ತದೆ. ದೊಡ್ಡ ರೈಲ್ವೆಯಲ್ಲೂ ತತ್ತ್ವ ಇದೇ: ದಾರಿ ಭದ್ರವಾಗುವ ತನಕ ಸಿಗ್ನಲ್ ಹಸಿರಾಗದು. ಮನುಷ್ಯನ ನೆನಪಿಗಿಂತ ಬೀಗ ಮೇಲು. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ ಇರುವುದೂ ಅದಕ್ಕೇ.

ಇನ್ನೊಂದು ಎಚ್ಚರಿಕೆ. ಹಳಿಯಲ್ಲಿ ಹರಿಯುವುದು 12 ವೋಲ್ಟ್ ಮಾತ್ರ, ಮುಟ್ಟಿದರೆ ಭಯವಿಲ್ಲ. ಗೋಡೆಯ ಪ್ಲಗ್ಗಿನ 230 ವೋಲ್ಟ್ ಹಾಗಲ್ಲ. ಆ ಕೆಲಸ ದೊಡ್ಡವರಿಗೇ ಬಿಡಿ.

"ಈ ವಯಸ್ಸಲ್ಲಿ ಘಾಟಿ ಶುರು ಮಾಡಿದೀರಿ, ಮುಗಿಸೋರ್ಯಾರು?" ಎಂಬುದು ಮನೆಯವರ ಕೊನೆಯ ಪ್ರಶ್ನೆ. ನನಗೆ ಎಪ್ಪತ್ತನಾಲ್ಕು, ಪ್ರಶ್ನೆ ತಮಾಷೆಯದಲ್ಲ. ಹೊಸ ಭಾಗವನ್ನು ಒಂದೇ ಹಲಗೆಯಾಗಿ ಮಾಡದೆ, ನಾಲ್ಕು ತುಂಡು ಮಾಡಿ ಬೋಲ್ಟ್ ಬಿಗಿದಿದ್ದೇನೆ. ತಂತಿಗಳಿಗೆಲ್ಲ ಬಣ್ಣ, ನಂಬರು. ಯಾವುದು ಎಲ್ಲಿಗೆ ಎಂದು ಒಂದು ಲೆಡ್ಜರಿನಲ್ಲಿ ಬರೆದಿಟ್ಟಿದ್ದೇನೆ. ಪ್ರತಿ ತುಂಡೂ ಸೌದೆಮನೆಯ ಬಾಗಿಲಲ್ಲಿ ಹೊರಹೋಗುವ ಅಳತೆಯದು. ಮೊಮ್ಮಗಳು ನಾಳೆ ಯಾವ ಊರಿನಲ್ಲಿ ಮನೆ ಮಾಡಿದರೂ ಬೋಲ್ಟ್ ಬಿಚ್ಚಿ ಘಾಟಿಯನ್ನು ಜೊತೆಗೆ ಒಯ್ಯಬಹುದು. ಐದನೆಯ ತುಂಡು ಸೇರಿಸಲು ತುದಿಯಲ್ಲಿ ರಂಧ್ರಗಳನ್ನೂ ಕೊರೆದಿದೆ.

ಈ ವಾರದ ಲೆಕ್ಕ: ನಿಮ್ಮ ಮನೆಯ ಅತಿ ಉದ್ದದ ಗೋಡೆ ಅಳೆಯಿರಿ. 1:50 ಏರಿನಲ್ಲಿ ಆ ಗೋಡೆಯುದ್ದಕ್ಕೂ ಹೋದ ರೈಲು ಎಷ್ಟು ಸೆಂ.ಮೀ. ಹತ್ತಿರುತ್ತದೆ? ಉತ್ತರವನ್ನು ಪೆನ್ಸಿಲ್‌ನಲ್ಲೇ ಬರೆದಿಡಿ. ನಯವಾಗಿ ಏಳಲು ಎಷ್ಟು ಉದ್ದ ಬಿಡಬೇಕೆಂದು ಮುಂದಿನ ವಾರ ನೋಡೋಣ.