ಜ್ವರ ಬಿಟ್ಟರೂ ಬಿಡದ ಬಳಲಿಕೆ: ಜತ್ತದ ಕನ್ನಡಿಗರ ಮನೆಮದ್ದು

ಕೋವಿಡ್ ಮಹಾಮಾರಿಯ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ಸರಕಾರಗಳ ಪಾಲಿಗೆ ಅದು ಮುಗಿದ ಅಧ್ಯಾಯ. ಆದರೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ಅದರಲ್ಲೂ ಸಂಖ, ಉಮದಿ, ಮಾಡಗ್ಯಾಳ ಕಡೆಯ ಕನ್ನಡ ಮನೆಗಳಲ್ಲಿ, ಅದು ಪೂರ್ತಿ ಮುಗಿದಿಲ್ಲ. “ಜ್ವರ ಹೋತ್ರಿ ಸರ, ತ್ರಾಣ ಮಾತ್ರ ತಿರುಗಿ ಬರಲಿಲ್ರಿ” ಎಂಬ ಮಾತನ್ನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿಸುವ ನಾವು ಪಾಲಕರ ಬಾಯಲ್ಲಿ ಈಗಲೂ ಕೇಳುತ್ತಿದ್ದೇವೆ. ಅಂಥವರ ಕೈಚೀಲದಲ್ಲಿ ವೈದ್ಯರ ಚೀಟಿ ಇರುವುದು ಕಡಿಮೆ. ಮಾತ್ರೆಯ ಡಬ್ಬಿ, ಕಷಾಯದ ಪುಡಿ, ಮೊಬೈಲಿನಲ್ಲಿ ಕಂಡ ಸಲಹೆ ಇರುವುದೇ ಹೆಚ್ಚು.

ಈ ಅವಸ್ಥೆಗೆ ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರ್ 6ರಂದು ಒಂದು ವ್ಯಾಖ್ಯೆಯನ್ನು ಕೊಟ್ಟಿದೆ. ಸೋಂಕು ತಗಲಿ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಇದ್ದು, ಕನಿಷ್ಠ ಎರಡು ತಿಂಗಳಾದರೂ ಕಾಡುವ, ಬೇರೆ ಯಾವ ರೋಗದಿಂದಲೂ ವಿವರಿಸಲಾಗದ ಬಳಲಿಕೆ, ಏದುಸಿರು, ಮರೆವು ಮುಂತಾದುವು ಇದರ ಲಕ್ಷಣಗಳು. ‘ಬೇರೆ ಯಾವ ರೋಗದಿಂದಲೂ ವಿವರಿಸಲಾಗದ’ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ವಾದವೆಲ್ಲ ಅದರ ಮೇಲೆಯೇ ನಿಂತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 31 ಆಸ್ಪತ್ರೆಗಳಿಂದ ಬಿಡುಗಡೆಯಾದ 14,419 ಮಂದಿಯನ್ನು ಒಂದು ವರ್ಷ ಅನುಸರಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಶೇ. 6.5 ಮಂದಿ ವರ್ಷದೊಳಗೆ ತೀರಿಕೊಂಡಿದ್ದರು, ಶೇ. 17.1 ಮಂದಿಯಲ್ಲಿ ಕೋವಿಡ್ ಬಳಿಕದ ತೊಂದರೆಗಳಿದ್ದುವು. ಆಸ್ಪತ್ರೆಯ ಮೆಟ್ಟಲನ್ನೇ ಹತ್ತದೆ ಮನೆಯ ಪಡಸಾಲೆಯಲ್ಲಿ ಮಲಗಿ ಎದ್ದವರು ಈ ಲೆಕ್ಕದೊಳಗೆ ಇಲ್ಲ. ನಮ್ಮ ಹಳ್ಳಿಗಳಲ್ಲಿ ಅಂಥವರೇ ಬಹಳ.

ಇವರು ತಮ್ಮ ಮದ್ದನ್ನು ತಾವೇ ಮಾಡಿಕೊಳ್ಳುವುದನ್ನು ಪೇಟೆಯ ವಿದ್ಯಾವಂತರು ಮೌಢ್ಯವೆಂದು ನಗುವುದುಂಟು. ನಾವು ಹಾಗೆ ಎಣಿಸುವುದಿಲ್ಲ. ಜತ್ತದ ಪೂರ್ವಭಾಗದ ಹಳ್ಳಿಗಳಿಗೆ ತಮ್ಮದೇ ಜಿಲ್ಲಾಕೇಂದ್ರವಾದ ಸಾಂಗಲಿಗಿಂತ ಕರ್ನಾಟಕದ ವಿಜಯಪುರ ಹತ್ತಿರ. ಸಾಂಗಲಿ, ಮಿರಜಗಳಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ಹೋದಲ್ಲಿ ವೈದ್ಯರ ಮಾತು ಮರಾಠಿ, ಕಾಗದ ಇಂಗ್ಲಿಷು. “ಮೈಯೆಲ್ಲ ಜೋಮು, ಎದಿಯೊಳಗ ಹಿಡಿದಂಗ ಆಗತೈತಿ” ಎಂಬ ವೃದ್ಧೆಯ ಮಾತು ಆರನೆಯ ತರಗತಿಯ ಮೊಮ್ಮಗನ ಮರಾಠಿಯ ಮೂಲಕ ವೈದ್ಯರನ್ನು ಮುಟ್ಟುವಾಗ ಅದರ ಅರ್ಧ ದಾರಿಯಲ್ಲೇ ಸೋರಿಹೋಗಿರುತ್ತದೆ. ಗಡಿಯಾಚೆಯ ಆಸ್ಪತ್ರೆಯನ್ನು ನಂಬಿ ಬದುಕುವುದೆಂದರೇನೆಂದು ಕಾಸರಗೋಡಿನ ಓದುಗರಿಗೆ ನಾವು ಹೇಳಬೇಕಾಗಿಲ್ಲ. 2020ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಗಡಿರಸ್ತೆಗಳಿಗೆ ಮಣ್ಣು ಸುರಿದು ತಲಪಾಡಿಯಲ್ಲಿ ರೋಗಿಗಳ ವಾಹನಗಳನ್ನು ತಡೆದುದನ್ನು ಅವರು ಮರೆತಿರಲಾರರು.

ಜತ್ತದ ಹೆಸರು ಪತ್ರಿಕೆಗಳಲ್ಲಿ ಮೆರೆದದ್ದು 2022ರ ನವೆಂಬರಿನಲ್ಲಿ. ಕರ್ನಾಟಕಕ್ಕೆ ಸೇರುವುದಾಗಿ ಇಲ್ಲಿಯ ಗ್ರಾಮಗಳು ನಿರ್ಣಯ ಮಾಡಿದ್ದುವೆಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ನುಡಿದರು. ಅದು 2012ರ ಹಳೆಯ ಮಾತೆಂದು ಅಂದು ಉಪಮುಖ್ಯಮಂತ್ರಿಯಾಗಿದ್ದ ದೇವೇಂದ್ರ ಫಡ್ನವೀಸರು ಉತ್ತರ ಕೊಟ್ಟರು. ಉಭಯ ಕಡೆಯಿಂದಲೂ ನೀರಿನ ಮಾತು ಧಾರಾಳವಾಗಿ ಬಂತು. ಆಸ್ಪತ್ರೆಯ ಮಾತು ನಮ್ಮ ಕಿವಿಗೆ ಬೀಳಲಿಲ್ಲ.

ರೋಗಿಗಳು ತಾವೇ ಹುಡುಕಿ ತಿಳಿಯುವುದು ತಪ್ಪೇ? ಅಲ್ಲವೇ ಅಲ್ಲ. ‘ದೀರ್ಘ ಕೋವಿಡ್’ ಎಂಬ ಹೆಸರನ್ನು 2020ರ ಮೇ ತಿಂಗಳಲ್ಲಿ ಮೊದಲು ಬಳಸಿದವರು ಇಟಲಿಯ ಎಲಿಸಾ ಪೆರೆಗೊ. ಅವರು ವೈದ್ಯರಲ್ಲ, ಪುರಾತತ್ತ್ವಜ್ಞೆ, ಸ್ವತಃ ರೋಗಿ. ಅದೇ ವರ್ಷ ರೋಗಿಗಳದೇ ಒಂದು ತಂಡವು 56 ದೇಶಗಳ 3,762 ಮಂದಿಯನ್ನು ಪ್ರಶ್ನಿಸಿ 203 ಲಕ್ಷಣಗಳನ್ನು ಪಟ್ಟಿ ಮಾಡಿತು. ಶರೀರಶ್ರಮವಾಗಲಿ ಬುದ್ಧಿಯ ಶ್ರಮವಾಗಲಿ ಅತಿಯಾದರೆ ರೋಗ ಮರುಕಳಿಸುತ್ತದೆಂಬ ಅನುಭವವನ್ನು ಬಹುಮಂದಿಯಿಂದ ಸಂಗ್ರಹಿಸಿ 2021ರಲ್ಲಿ ಪ್ರಕಟಿಸಿತು. ಆ ಪ್ರಶ್ನಾವಳಿ ಒಂಬತ್ತು ಭಾಷೆಗಳಲ್ಲಿತ್ತು. ಭಾರತದ ಒಂದು ಭಾಷೆಯೂ ಅದರಲ್ಲಿರಲಿಲ್ಲ. ಕನ್ನಡದ ಮಾತು ಹಾಗಿರಲಿ, ಹಿಂದಿಯೂ ಇರಲಿಲ್ಲ. ಆದರೂ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ರೋಗಿಗಳು ಮಾಡಿದ ಸಂಶೋಧನೆ ಎಣಿಸುವ, ಬರೆದಿಡುವ, ಹೋಲಿಸುವ ಕೆಲಸ. ನಮ್ಮಲ್ಲಿ ‘ನಾನೇ ಹುಡುಕಿದೆ’ ಎಂದರೆ ಹೆಚ್ಚಾಗಿ ಯಾರೋ ಮಾರುವ ಡಬ್ಬಿಯನ್ನು ಹುಡುಕಿದ್ದು ಎಂದರ್ಥ.

ಈ ಡಬ್ಬಿಗಳ ವಿಷಯವನ್ನು ತುಸು ವಿವರವಾಗಿ ಹೇಳಬೇಕಾಗಿದೆ. ಡಿ ಜೀವಸತ್ವದ 60,000 ಯೂನಿಟ್ಟುಗಳ ಪೊಟ್ಟಣವನ್ನು ಕೊರತೆಯಿದ್ದವರಿಗೆ ವಾರಕ್ಕೊಂದರಂತೆ, ಅದೂ ಕೆಲವೇ ವಾರಗಳಿಗೆ, ವೈದ್ಯರು ಬರೆಯುತ್ತಾರೆ. ಬೇಗ ಗುಣವಾಗಲೆಂದು ಅದನ್ನೇ ದಿನವೂ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಬಾಯಾರಿಕೆ, ನಿತ್ರಾಣ ಬರುತ್ತದೆ, ಮೂತ್ರಪಿಂಡವೂ ಕೆಡಬಹುದು. ಸತುವಿನ ಮಾತ್ರೆಯೂ ಹಾಗೆಯೇ. ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ಮೇಲ್ಮಿತಿ. ಅದನ್ನು ಮೀರಿ ತಿಂಗಳುಗಟ್ಟಲೆ ತಿಂದರೆ ದೇಹದ ತಾಮ್ರದ ಅಂಶ ಕುಗ್ಗಿ ರಕ್ತಹೀನತೆ ತಲೆದೋರಬಹುದು. ಯಾವ ನಿತ್ರಾಣವನ್ನು ಓಡಿಸಲು ಮಾತ್ರೆ ತಂದರೋ ಆ ಮಾತ್ರೆಯೇ ಅದನ್ನು ಮನೆಯಲ್ಲಿ ನಿಲ್ಲಿಸಿತು.

ಗಿಡಮೂಲಿಕೆಗೆ ಅಪಾಯವಿಲ್ಲ ಎನ್ನುವ ನಂಬಿಕೆ ನಮ್ಮಲ್ಲಿ ಗಾಢವಾಗಿದೆ. ಕೇಂದ್ರ ಆರೋಗ್ಯ ಸಚಿವಾಲಯವು 2020ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಕೋವಿಡ್ ಬಳಿಕದ ಆರೈಕೆಯ ಸೂಚನೆಯಲ್ಲೂ ಅಮೃತಬಳ್ಳಿ, ಅಶ್ವಗಂಧ, ಚ್ಯವನಪ್ರಾಶ, ಅರಸಿನದ ಹಾಲು ಸೇರಿದ್ದುವು. ಅದೇ ತಿಂಗಳಿಂದ ಡಿಸೆಂಬರಿನೊಳಗೆ ಅಮೃತಬಳ್ಳಿ ಸೇವಿಸಿ ಯಕೃತ್ತು ಕೆಟ್ಟ ಆರು ಮಂದಿ ಮುಂಬಯಿಯ ವೈದ್ಯರಲ್ಲಿಗೆ ಬಂದರು. ಬಳಿಕ ದೇಶದ ಹಲವು ಕೇಂದ್ರಗಳಿಂದ ಅಂಥ 43 ಮಂದಿಯ ವಿವರ 2022ರಲ್ಲಿ ಪ್ರಕಟವಾಯಿತು. ಅವರು ತಿಂದದ್ದು ಅದನ್ನೇ ಹೋಲುವ ಬೇರೆ ಬಳ್ಳಿಯಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿದೆ. ಆಕ್ಷೇಪ ಸರಿಯಾಗಿದ್ದರೂ ಬೇಲಿಯಿಂದ ಬಳ್ಳಿ ಕಿತ್ತು ಕುದಿಸುವವನಿಗೆ ಅದರಿಂದ ಸಮಾಧಾನವೇನು? ಆತನಿಗೂ ಎರಡು ಬಳ್ಳಿಗಳ ವ್ಯತ್ಯಾಸ ತಿಳಿಯದು. ಇನ್ನು 2021ರ ಚೀಟಿಯಲ್ಲಿ ಉಳಿದ ಸ್ಟೆರಾಯ್ಡ್ ಮಾತ್ರೆಯನ್ನು ‘ಆಗ ಹಿಡಿಸಿತ್ತು’ ಎಂದು ಮತ್ತೆ ತರಿಸುವವರಿದ್ದಾರೆ. ಸಕ್ಕರೆ ರೋಗದ ಜತೆ ಸ್ಟೆರಾಯ್ಡ್ ಕೂಡಿದಲ್ಲಿ ಕಪ್ಪು ಶಿಲೀಂಧ್ರ ರೋಗ ಆ ವರ್ಷ ಎಷ್ಟು ಕಣ್ಣುಗಳನ್ನು ಕಿತ್ತುಕೊಂಡಿತೆಂಬುದನ್ನು ಅಂಥವರಿಗೆ ನೆನಪಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಮಾತ್ರೆಯಲ್ಲಿಲ್ಲ, ಹೆಸರಿನಲ್ಲಿದೆ. ‘ಇದು ಕೊರೋನಾದ ಉಳಿಕೆ’ ಎಂದು ಮನೆಯವರೇ ತೀರ್ಮಾನಿಸಿದ ಮೇಲೆ ಬೇರೆ ರೋಗವನ್ನು ಹುಡುಕುವವರಿಲ್ಲ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಕ್ಷಯವಾಗಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಏದುಸಿರು, ಎದೆಬಡಿತ, ತಲೆಸುತ್ತು ಅದರಿಂದಲೂ ಬರುತ್ತವೆ. ಸಕ್ಕರೆ ರೋಗ, ಥೈರಾಯ್ಡ್ ತೊಂದರೆ, ಬಿ 12 ಜೀವಸತ್ವದ ಕೊರತೆ ಇವೂ ಬಳಲಿಕೆಯ ವೇಷದಲ್ಲೇ ಬರುತ್ತವೆ. ಸರಕಾರಿ ಕೇಂದ್ರಗಳಲ್ಲಿ ಕಫದ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ತಿಂಗಳಿಗೆ ಸಾವಿರ ರೂಪಾಯಿಯ ಡಬ್ಬಿ ಕೊಳ್ಳುವ ಮನೆಯವರು ರಕ್ತದ ಪರೀಕ್ಷೆಯನ್ನು ದುಂದುವೆಚ್ಚವೆಂದು ಬಿಡುವುದು ವಿಚಿತ್ರ.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಏನೂ ಇಲ್ಲವೆಂದಲ್ಲ. ದೀರ್ಘ ಕೋವಿಡಿಗೆ ಸಿದ್ಧವಾದ ಒಂದು ಮದ್ದು ಜಗತ್ತಿನ ಯಾವ ಅಂಗಡಿಯಲ್ಲೂ ಇಲ್ಲವಾದುದರಿಂದ ದಿನಚರಿಯೇ ಮುಖ್ಯ ಚಿಕಿತ್ಸೆ. ಆಹಾರದ ಮಟ್ಟಿಗೆ ಈ ಬರಗಾಲದ ನಾಡು ಬಡವಾಗಿಲ್ಲ. ಜೋಳದ ರೊಟ್ಟಿ, ಮೊಳಕೆ ಬರಿಸಿದ ಮಡಕಿಕಾಳು, ಶೇಂಗಾ ಮತ್ತು ಗುರೆಳ್ಳಿನ ಚಟ್ನಿ, ಸೊಪ್ಪು, ಮೊಸರು, ತಿನ್ನುವವರಿಗೆ ಮೊಟ್ಟೆ, ಇವು ಪ್ರೋಟೀನ್ ಡಬ್ಬಿಗೆ ಸೋಲುವಂಥವಲ್ಲ. ಊಟದ ಜತೆಗೇ ಚಹ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತದು. ಊಟಕ್ಕೆ ನಿಂಬೆ ಹಿಂಡಿದರೆ ಹತ್ತುತ್ತದೆ. ಇದರಿಂದ ರೋಗ ಮಾಯವಾಗುತ್ತದೆಂದು ನಾವು ಹೇಳುವುದಿಲ್ಲ. ಮೈಗೆ ಆಧಾರವಾಗುತ್ತದೆ, ಅಷ್ಟೆ. ಕಷ್ಟವಿರುವುದು ವಿಶ್ರಾಂತಿಯಲ್ಲಿ. ಒಳ್ಳೆಯದೆನಿಸಿದ ದಿನ ದ್ರಾಕ್ಷಿ ತೋಟದ ಕೆಲಸವನ್ನೆಲ್ಲ ಮುಗಿಸಿ ಮರುದಿನದಿಂದ ನಾಲ್ಕು ದಿನ ಹಾಸಿಗೆ ಹಿಡಿಯುವುದು ಈ ರೋಗದ ಸ್ವಭಾವ. ಕೆಲಸವನ್ನು ತುಂಡು ತುಂಡಾಗಿ ಮಾಡಿ ದಣಿಯುವ ಮೊದಲೇ ಕುಳಿತುಕೊಳ್ಳಬೇಕು ಎನ್ನುತ್ತಾರೆ ತಜ್ಞರು. ಕೂಲಿಯ ಹೆಂಗಸಿಗೆ ಹಾಗೆ ಕುಳಿತುಕೊಳ್ಳುವ ಸ್ವಾತಂತ್ರ್ಯವನ್ನು ಯಾರು ಕೊಟ್ಟಾರು? ಮನೆಯ ಗಂಡಸರಾದರೂ ನೀರು ತರುವ ಕೊಡವನ್ನು ಕೈಬದಲಿಸಿಕೊಳ್ಳಬಹುದು.

ಒಂದು ಹಳೆಯ ನೋಟುಪುಸ್ತಕದಲ್ಲಿ ದಿನವೂ ಎರಡು ಸಾಲು ಕನ್ನಡದಲ್ಲೇ ಬರೆದಿಡುವಂತೆ ನಾವು ಹೇಳುತ್ತಿದ್ದೇವೆ: ಏನು ಕೆಲಸ ಮಾಡಿದೆ, ಯಾವ ಮಾತ್ರೆ ತಿಂದೆ, ಮರುದಿನ ಹೇಗಿತ್ತು, ತಿಂಗಳಿಗೊಮ್ಮೆ ತೂಕವೆಷ್ಟು. ಬರೆಯಬಾರದವರಿಗೆ ಮಕ್ಕಳು ಬರೆದುಕೊಡಲಿ. ವೈದ್ಯರೆದುರು ಆ ಪುಸ್ತಕವೇ ಅರ್ಧ ಮಾತಾಡುತ್ತದೆ. ಎದೆನೋವು, ಕಫದಲ್ಲಿ ರಕ್ತ, ಒಂದೇ ಕಾಲಿನ ಊತ, ಕುಳಿತಲ್ಲೇ ಏದುಸಿರು ಬಂದರೆ ಮಾತ್ರ ಬರೆಯುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಕೇಂದ್ರ ಸರಕಾರ 2021ರ ಅಕ್ಟೋಬರಿನಲ್ಲಿ ಕೋವಿಡ್ ಬಳಿಕದ ತೊಂದರೆಗಳಿಗೆ ಸಮಗ್ರ ಮಾರ್ಗಸೂಚಿಯನ್ನು ಹೊರತಂದಿತು. ಅದು ವೈದ್ಯರಿಗಾಗಿ ಇಂಗ್ಲಿಷಿನಲ್ಲಿ ಬರೆದುದು. ಕೇರಳದಲ್ಲಿ 2020ರ ಕೊನೆಗೇ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಇಂಥವರಿಗೆಂದು ವಾರದ ಚಿಕಿತ್ಸಾಲಯಗಳು ತೆರೆದುವು. ಜತ್ತದಲ್ಲಿ ಅಷ್ಟು ಬೇಡ. ವಾರಕ್ಕೊಂದು ದಿನ ಕನ್ನಡ ಬಲ್ಲ ಒಬ್ಬ ಕಾರ್ಯಕರ್ತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತು ರಕ್ತ, ಸಕ್ಕರೆ, ಕಫಗಳ ಪರೀಕ್ಷೆಗೆ ದಾರಿ ತೋರಲಿ. ಒಂದು ಪುಟದ ಕನ್ನಡ ಕರಪತ್ರ ಅಚ್ಚಾಗಲಿ. ಕರಡು ತಿದ್ದಲು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಮಾಸ್ತರರಿಗೆ ಬರವಿಲ್ಲ. ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. ಮುಂದಿನ ಗ್ರಾಮಸಭೆಗಳಲ್ಲಿ ನೀರಿನ ನಿರ್ಣಯದ ಕೆಳಗೆ ಇದನ್ನೂ ಬರೆದು, ಕನ್ನಡದಲ್ಲೇ ಸಾಂಗಲಿಗೆ ಕಳುಹಿಸತಕ್ಕದ್ದು.