ತೋತಾಪುರಿಯ ರುಚಿ ಹೇಳುವವರು ಯಾರು?

2025ರ ಜೂನ್ ಎರಡನೇ ವಾರ. ಕೋಲಾರ ತಾಲ್ಲೂಕಿನ ಕ್ಯಾಲನೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಅಮ್ಮ ತೋತಾಪುರಿ ಹೆಚ್ಚುತ್ತಿದ್ದರು. ಅತ್ತ ಹಣ್ಣೂ ಅಲ್ಲ, ಇತ್ತ ಕಾಯಿಯೂ ಅಲ್ಲ, ದೋರೆಗಾಯಿ. ತೊಟ್ಟಿನ ಕಡೆ ಹಳದಿ ತಿರುಗಿತ್ತು, ಗಿಣಿಮೂತಿಯ ತುದಿ ಇನ್ನೂ ಹಸಿರು. ಉದ್ದುದ್ದ ಹೋಳು ಮಾಡಿ, ಉಪ್ಪು ಖಾರದ ಪುಡಿ ಸವರಿ ಕೈಗಿಟ್ಟರು. ಕಚ್ಚಿದ ಕೂಡಲೇ ಹುಳಿ, ಅಗಿಯುತ್ತಾ ಹೋದಂತೆ ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ಸೊನೆಯ ಸಣ್ಣದೊಂದು ಘಾಟು. ಒಳಗೆ ಟಿ.ವಿ.ಯಲ್ಲಿ ಇದೇ ಹಣ್ಣಿನ ಸುದ್ದಿ. ಆಂಧ್ರದ ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ಕರ್ನಾಟಕದ ಮಾವಿನ ಗಾಡಿಗಳಿಗೆ ತಡೆ.

ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ಆದೇಶ ಹೊರಡಿಸಿತ್ತು. ಅಲ್ಲಿನ ರೈತರೂ ಕಷ್ಟದಲ್ಲೇ ಇದ್ದರು. ಕಾರ್ಖಾನೆಗಳು ಕೆ.ಜಿ.ಗೆ 8 ರೂಪಾಯಿ ಕೊಡಬೇಕು, ಸರ್ಕಾರ 4 ರೂಪಾಯಿ ಸೇರಿಸುತ್ತದೆ ಎಂದು ಆಂಧ್ರ ತೀರ್ಮಾನಿಸಿತ್ತು. ಆ 12 ರೂಪಾಯಿಯ ಆಸೆಗೆ ನಮ್ಮ ಕಡೆಯ ಮಾಲು ನುಗ್ಗಿಬಿಡುತ್ತದೆ ಎಂಬುದು ಅವರ ಭಯ. ಇತ್ತ ಶ್ರೀನಿವಾಸಪುರದಲ್ಲಿ ಬೆಳೆಗಾರರು ಬೀದಿಗಿಳಿದರು, ಪಟ್ಟಣ ಬಂದ್ ಆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿಗೂ ಕೇಂದ್ರಕ್ಕೂ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲ್‌ಗೆ 1,616 ರೂಪಾಯಿ ದರ ಕಟ್ಟಿ, 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಲೆಕ್ಕಕ್ಕೆ ಕೆ.ಜಿ.ಗೆ ಹದಿನಾರು ರೂಪಾಯಿ. ಕ್ವಿಂಟಲ್ ಮಾವು ಬೆಳೆಯಲು 5,466 ರೂಪಾಯಿ ಖರ್ಚು ಬೀಳುತ್ತದೆ ಎಂದು ರಾಜ್ಯವೇ ಕೇಂದ್ರಕ್ಕೆ ಬರೆದುಕೊಂಡಿತ್ತು.

ಆ ದಿನಗಳಲ್ಲಿ ಈ ಹಣ್ಣಿನ ಬೆಲೆಯ ಬಗ್ಗೆ ಎಲ್ಲರೂ ಮಾತಾಡಿದರು. ರುಚಿಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ನನ್ನನ್ನು ಕೊರೆಯುತ್ತಿರುವುದು ಇದೇ. ಬೆಲೆ ಬಿದ್ದಾಗ ರುಚಿಯ ಮಾತೇಕೆ ಎಂದು ಕೇಳುವವರಿಗೆ ದೂರದ ಒಂದು ಊರಿನ ಕಥೆ ಹೇಳಬೇಕು.

ಇಟಲಿಯ ಉತ್ತರಕ್ಕೆ, ಆಲ್ಪ್ಸ್ ಪರ್ವತದ ಬುಡದಲ್ಲಿ ಟುರಿನ್ ಇದೆ. ಒಂದು ಕಾಲಕ್ಕೆ ರಾಜಧಾನಿ, ಆಮೇಲೆ ಫಿಯೆಟ್ ಕಾರಿನ ಊರು. ಅಲ್ಲಿ ಇವತ್ತು ಚಾಕೊಲೇಟ್ ಸವಿಯುತ್ತಾ ನಡೆಯುವ ಪ್ರವಾಸ ಹೆಸರುವಾಸಿ. ಹತ್ತು ಹನ್ನೆರಡು ಜನರ ಗುಂಪು, ಮುಂದೆ ಒಬ್ಬ ಮಾರ್ಗದರ್ಶಿ, ಕಮಾನುಗಳ ಕೆಳಗೆ ಅಂಗಡಿಯಿಂದ ಅಂಗಡಿಗೆ ನಡಿಗೆ. 1763ರಲ್ಲಿ ಶುರುವಾದ ಅಲ್ ಬಿಚೆರಿನ್ ಎಂಬ ಪುಟ್ಟ ಕಾಫಿ ಅಂಗಡಿಯಲ್ಲಿ ಗಾಜಿನ ಲೋಟದೊಳಗೆ ಕಾಫಿ, ಚಾಕೊಲೇಟ್, ಕೆನೆ ಮೂರೂ ಪದರ ಪದರವಾಗಿ ನಿಂತಿರುತ್ತವೆ. ಕಲಕದೆ ಕುಡಿಯಬೇಕು ಎಂದು ಮೊದಲೇ ತಿಳಿಸುತ್ತಾರೆ. ಮುಂದಿನ ಅಂಗಡಿಯಲ್ಲಿ ಮಗುಚಿದ ದೋಣಿಯ ಆಕಾರದ ಜಾಂದುಯೊತ್ತೊ. ಹ್ಯಾಝಲ್‌ನಟ್ ಅರೆದು ಬೆರೆಸಿದ ಈ ಚಾಕೊಲೇಟನ್ನು ಕಾಫರೆಲ್ ಕಂಪನಿ 1865ರಲ್ಲಿ ಜನರ ಮುಂದಿಟ್ಟಿತು. ನೆಪೋಲಿಯನ್ 1806ರಲ್ಲಿ ಬ್ರಿಟಿಷ್ ಹಡಗಿನ ಸರಕಿಗೆ ಯುರೋಪಿನ ಬಾಗಿಲು ಮುಚ್ಚಿದಾಗ ಕೋಕೋ ತುಟ್ಟಿಯಾಯಿತು, ಆಗ ಸುತ್ತಲಿನ ಲಾಂಗೆ ಗುಡ್ಡಗಳಲ್ಲಿ ಧಾರಾಳವಾಗಿ ಬೆಳೆಯುತ್ತಿದ್ದ ಹ್ಯಾಝಲ್‌ನಟ್ ನೆರವಿಗೆ ಬಂತು ಎಂಬುದು ಅಲ್ಲಿ ಹೇಳುವ ಕಥೆ. ಗಡಿ ಮುಚ್ಚಿದ್ದೇ ಆ ರುಚಿಗೆ ಮೂಲ ಎಂಬ ಈ ಕಥೆಯನ್ನು ಚಿತ್ತೂರಿನ ಆದೇಶದ ಹೊತ್ತಿನಲ್ಲಿ ಓದಿದಾಗ ನನಗೆ ಮೈ ಜುಮ್ಮೆಂದಿತು.

ಟುರಿನ್ ಸುತ್ತಮುತ್ತ ಒಂದೇ ಒಂದು ಕೋಕೋ ತೋಟವಿಲ್ಲ. ಆ ಚಳಿಗೆ ಕೋಕೋ ಬದುಕುವುದೂ ಇಲ್ಲ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬರುವುದು ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಆ ಬೆಳೆಗಾರನ ಹೆಸರು ಟುರಿನ್ನಿನ ಕಮಾನುಗಳ ಕೆಳಗೆ ಯಾರ ಬಾಯಲ್ಲೂ ಬರುವುದಿಲ್ಲ. ಅವನ ತೋಟಕ್ಕೆ ಯಾವ ನಡಿಗೆಯೂ ಹೋಗುವುದಿಲ್ಲ. ರುಚಿಗೆ ಮಾತು ಕೊಟ್ಟವರು ಟುರಿನ್ನಿನವರು, ಹಾಗಾಗಿ ಹಣವೂ ಹೆಸರೂ ಅಲ್ಲೇ ನಿಂತವು. ಅದೇ ಸೀಮೆಯ ಹ್ಯಾಝಲ್‌ನಟ್ ಬೆಳೆಗಾರರ ಪಾಡು ಬೇರೆ. ಅವರ ಕಾಯಿಗೆ 1993ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹತ್ತಿರದ ಆಲ್ಬಾ ಪಟ್ಟಣದ ಫೆರೆರೊ ಮನೆತನ 1946ರಲ್ಲಿ ಹ್ಯಾಝಲ್‌ನಟ್ಟಿನ ಮಿಠಾಯಿ ಮಾಡಿತು, 1964ರಲ್ಲಿ ಅದು ನ್ಯುಟೆಲ್ಲಾ ಆಯಿತು. ಚಾಕೊಲೇಟಿನ ಕಥೆ ಹೇಳುವವರು ಅವರ ಗುಡ್ಡಗಳ ಹೆಸರನ್ನೂ ಹೇಳುತ್ತಾರೆ. ಒಂದೇ ತುಂಡು ಚಾಕೊಲೇಟಿನಲ್ಲಿ ಇಬ್ಬರು ಬೆಳೆಗಾರರಿದ್ದಾರೆ, ಒಬ್ಬನಿಗೆ ಊರಿದೆ, ಇನ್ನೊಬ್ಬನಿಗೆ ಇಲ್ಲ.

ಶ್ರೀನಿವಾಸಪುರದ ತೋತಾಪುರಿ ಬೆಳೆಗಾರ ಇದರಲ್ಲಿ ಆಫ್ರಿಕದ ಕೋಕೋ ಬೆಳೆಗಾರನ ಸಾಲಿಗೆ ಸೇರುತ್ತಾನೆ. ಮರ ಇಲ್ಲಿದೆ, ಹಣ್ಣು ಇಲ್ಲಿದೆ. ಅದು ಲಾರಿ ಹತ್ತಿ ಚಿತ್ತೂರಿಗೋ ಕೃಷ್ಣಗಿರಿಗೋ ಹೋಗಿ ತಿರುಳಾಗಿ, ಅಲ್ಲಿಂದ ಪೊಟ್ಟಣದ ಪಾನೀಯವಾಗಿ ಮತ್ತೆ ಕೋಲಾರದ ಬಸ್ ನಿಲ್ದಾಣಕ್ಕೇ ಬರುತ್ತದೆ. ಪೊಟ್ಟಣದ ಮೇಲೆ ಮಾವಿನ ಚಿತ್ರವಿರುತ್ತದೆ. ಊರಿನ ಹೆಸರು ಇರುವುದಿಲ್ಲ. ನಾವು ಬೆಳೆದದ್ದನ್ನೇ ನಮ್ಮ ಮಕ್ಕಳು ಕುಡಿಯುತ್ತಿದ್ದಾರೆಂದು ಅವರಿಗೂ ಗೊತ್ತಿಲ್ಲ.

ಈ ಪಾಡನ್ನು ದಾಟಿದ ಉದಾಹರಣೆ ಕರ್ನಾಟಕದಲ್ಲೇ ಇದೆ, ಅದೂ ಚಾಕೊಲೇಟಿನದ್ದೇ. 1979–80ರ ಹೊತ್ತಿಗೆ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಕೋಕೋ ಹಬ್ಬಿತ್ತು. ಅಷ್ಟರಲ್ಲಿ ಬೆಲೆ ಕುಸಿಯಿತು, ಕೊಳ್ಳುತ್ತಿದ್ದ ಖಾಸಗಿ ಕಂಪನಿ ಹಿಂದೆ ಸರಿಯಿತು. ಬೆಳೆಗಾರರು ಗಿಡ ಕಡಿಯುವ ಹಂತಕ್ಕೆ ಬಂದರು. ಆಗ 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಅವರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕೋಕೋ ಖರೀದಿಗೆ ಇಳಿಯಿತು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ಎದ್ದಿತು, ರಾಷ್ಟ್ರಪತಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು. ಕೋಕೋ ಬೆಳೆಯುವವರೇ ಚಾಕೊಲೇಟ್ ಕಾರ್ಖಾನೆಯ ಒಡೆಯರಾಗಿರುವುದು ಜಗತ್ತಿನಲ್ಲೇ ಅಪರೂಪ. ಹಾಲಿನ ಸಹಕಾರದಲ್ಲಿ ಕೋಲಾರ ಯಾರಿಗೂ ಕಡಿಮೆಯಿಲ್ಲ, ಮುಂಜಾನೆ ನಮ್ಮೂರಿನ ಡೇರಿ ಮುಂದೆ ನಿಲ್ಲುವ ಸಾಲೇ ಅದಕ್ಕೆ ಸಾಕ್ಷಿ. ಹಾಲಿನಲ್ಲಿ ಆದದ್ದು ಮಾವಿನಲ್ಲಿ ಆಗಲಿಲ್ಲ. ಶ್ರೀನಿವಾಸಪುರ ಭಾಗದಲ್ಲೇ ಮಾವು ಸಂಸ್ಕರಣಾ ಘಟಕ ಬೇಕೆಂಬ ಬೇಡಿಕೆಗೆ ಈಗ ಮುಪ್ಪು ಬಂದಿದೆ. ಅದು ಮೊದಲು ಆಗಬೇಕು. ನಾನು ಮುಂದೆ ಹೇಳುವುದು ಅದರ ಬದಲಿಗೆ ಅಲ್ಲ, ಜೊತೆಗೆ.

ರಾಜ್ಯದ ಮಾವು ಅಭಿವೃದ್ಧಿ ನಿಗಮ ಕೆಲವು ವರ್ಷ ಬೆಂಗಳೂರಿನಿಂದ ತೋಟಗಳಿಗೆ ಮಾವು ಪ್ರವಾಸ ನಡೆಸಿತು. ಬಸ್ಸಿನಲ್ಲಿ ಬಂದವರು ಮರದಿಂದ ಹಣ್ಣು ಕಿತ್ತು, ತೂಗಿಸಿ, ಚೀಲ ತುಂಬಿಕೊಂಡು ಹೋಗುತ್ತಿದ್ದರು. ಒಳ್ಳೆಯ ಹೆಜ್ಜೆ, ಅದನ್ನು ಕಡೆಗಣಿಸಲಾರೆ. ಅಲ್ಲಿ ಇಲ್ಲದ್ದೆಂದರೆ ಹೇಳುವ ಬಾಯಿ. ತೂಕದ ಕಲ್ಲು ಇತ್ತು, ಕಥೆ ಇರಲಿಲ್ಲ. ಬಂದವರು ಬಾದಾಮಿ ಎಲ್ಲಿ ಎಂದು ಕೇಳಿ, ಅದನ್ನಷ್ಟೇ ಕಿತ್ತು ಹೋದರು. ನಗರದ ಮಾವು ಮೇಳದಲ್ಲಿ ಕೇಳುವ ಪ್ರಶ್ನೆಯೇ ತೋಟದಲ್ಲೂ ಕೇಳಿಬಂದರೆ ತೋಟದವರೆಗೆ ಬಂದದ್ದೇಕೆ?

ಕೋಲಾರದಲ್ಲಿ ಹೇಳುವುದಕ್ಕೆ ಬೇಕಾದಷ್ಟಿದೆ. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲಿ ಮಾವಿನ ಮೇಲೆ ಕೆಲಸ ಮಾಡುವ ತೋಟಗಾರಿಕೆ ಕೇಂದ್ರವಿದೆ. ಕೋಲಾರದ ಪಕ್ಕದ ಟಮಕದಲ್ಲಿ ತೋಟಗಾರಿಕೆ ಕಾಲೇಜು ಇದೆ. ಬೆಂಗಳೂರು ಸುಮಾರು 70 ಕಿ.ಮೀ. ದೂರ. ಮುಳಬಾಗಿಲಿನ ದೋಸೆಗೆಂದೇ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗುವ ಕಾರುಗಳನ್ನು ದಿನಾ ನೋಡುತ್ತೇವೆ, ಅಂದರೆ ರುಚಿಗಾಗಿ ಜನ ಇಲ್ಲಿಗೆ ಬಂದೇ ಬರುತ್ತಾರೆ. ಇವನ್ನೆಲ್ಲ ಕೂಡಿಸಿ, ಮೇ ನಡುವಿನಿಂದ ಜೂನ್ ಕೊನೆಯವರೆಗೆ, ಒಂದು ಬೆಳಗಿನ ನಡಿಗೆ ಕಟ್ಟಬಹುದು. ಹದಿನೈದು ಜನಕ್ಕಿಂತ ಹೆಚ್ಚು ಬೇಡ.

ಮೊದಲು ಬೇನಿಷಾದಂಥ ಸೌಮ್ಯ ಹಣ್ಣು, ಆಮೇಲೆ ರಸಪುರಿ. ರಸಪುರಿಯನ್ನು ಹೋಳು ಮಾಡಿಕೊಟ್ಟರೆ ಅದರ ಮಾನ ಕಳೆದಂತೆ. ಅಂಗೈಯಲ್ಲಿ ಮೆತ್ತಗೆ ಹಿಸುಕಿ, ತೊಟ್ಟು ಕಿತ್ತು, ಸೊನೆಯ ಮೊದಲ ಹನಿ ಚೆಲ್ಲಿ, ಹೀರಬೇಕು. ನಡುವೆ ನಾಲಗೆ ತೊಳೆಯಲು ಒಂದು ಹಿಡಿ ಪುರಿ, ಗುಟುಕು ನೀರು. ಆಮೇಲೆ ಬಾದಾಮಿ. ಆಮೇಲೆ ಮಲ್ಲಿಕಾ. ನೀಲಂ ಮತ್ತು ದಶೇರಿ ಎರಡನ್ನೂ ಕೂಡಿಸಿ ಹುಟ್ಟಿಸಿದ ಮಲ್ಲಿಕಾ ಹಣ್ಣನ್ನು ಅವಸರದಲ್ಲಿ ತಿಂದವರು ಸಪ್ಪೆ ಎನ್ನುತ್ತಾರೆ. ಹುಲ್ಲಿನಲ್ಲಿ ಅಡೆ ಹಾಕಿ, ಸಿಪ್ಪೆ ಕೊಂಚ ಸುಕ್ಕುಗಟ್ಟುವವರೆಗೆ ಕಾದವರಿಗೆ ಅದು ಜೇನು. ಕಾಯುವುದನ್ನು ಕಲಿಸುವವರು ಬೇಕು. ಕಾರ್ಬೈಡ್ ಹಾಕಿ ಒಂದೇ ರಾತ್ರಿಯಲ್ಲಿ ಹಳದಿ ಮಾಡಿದ ಹಣ್ಣಿಗೂ ಹುಲ್ಲಿನ ಹಣ್ಣಿಗೂ ವ್ಯತ್ಯಾಸವನ್ನು ಭಾಷಣದಿಂದ ಹೇಳಲಾಗದು. ಎರಡನ್ನೂ ಮೂಸಿ ನೋಡಲು ಕೊಡಬೇಕಿಲ್ಲ, ಹುಲ್ಲಿನ ಹಣ್ಣಿನ ತೊಟ್ಟು ಮೂಸಿದರೆ ಸಾಕು, ಕಾರ್ಬೈಡಿನದು ಆಯುಷ್ಯಪೂರ್ತಿ ಗುರುತು ಸಿಗುತ್ತದೆ.

ಕೊನೆಗೆ ತೋತಾಪುರಿ, ಮೂರು ಹಂತದಲ್ಲಿ. ಹಸಿರು ಕಾಯಿ ಉಪ್ಪು ಖಾರದ ಜೊತೆ, ದೋರೆಗಾಯಿ ಹಾಗೇ, ಮಾಗಿದ್ದು ಸಿಪ್ಪೆ ಸಮೇತ. ಒಂದೇ ಮರದ ಮೂರು ರುಚಿ. ತಿರುಳಿನ ಕಾರ್ಖಾನೆ ಬಾದಾಮಿಗೆ ಕನಿಷ್ಠ 16 ಬ್ರಿಕ್ಸ್ ಸಿಹಿ ಕೇಳಿದರೆ ತೋತಾಪುರಿಯಲ್ಲಿ 14ಕ್ಕೇ ತೃಪ್ತಿ ಪಡುತ್ತದೆ. ಆ ಎರಡು ಅಂಕಿಯ ಅಳತೆಯಲ್ಲಿ ತೋತಾಪುರಿ ಎಂದೂ ಎರಡನೇ ದರ್ಜೆಯದೇ. ದೋರೆಗಾಯಿಯ ಅಳತೆಯಲ್ಲಿ ಅದರ ಮುಂದೆ ನಿಲ್ಲುವ ಮಾವು ನನಗೆ ಇನ್ನೂ ಸಿಕ್ಕಿಲ್ಲ.

ಇದರಿಂದ ಬೆಲೆ ಏರುತ್ತದೆಯೇ? ಲೆಕ್ಕ ಹಾಕೋಣ. ಒಂದು ಹಂಗಾಮಿನಲ್ಲಿ ಒಂದು ಲಕ್ಷ ಜನ ಬಂದು ತಲಾ 10 ಕೆ.ಜಿ. ಕೊಂಡರೂ ಆಗುವುದು 1,000 ಟನ್. ಕೇಂದ್ರ ಒಪ್ಪಿದ 2.5 ಲಕ್ಷ ಟನ್ನಿನಲ್ಲಿ ಅದು ಶೇ 0.4. ಮಂಡಿಯ ರಾಶಿಯನ್ನು ನಡಿಗೆ ಕರಗಿಸುವುದಿಲ್ಲ, ಕರಗಿಸುತ್ತದೆಂದು ನಂಬಿಸುವುದು ರೈತನಿಗೆ ಮೋಸ. ಆದರೆ ಬಂದು ಹೋದವನು ಮುಂದಿನ ವರ್ಷ ಅಂಗಡಿಯಲ್ಲಿ ಬರೀ ಮಾವು ಕೇಳುವುದಿಲ್ಲ, ಹೆಸರು ಹಿಡಿದು, ಊರು ಹಿಡಿದು ಕೇಳುತ್ತಾನೆ. ದೇವನಹಳ್ಳಿ ಚಕ್ಕೋತಕ್ಕೆ, ಮಲೆನಾಡಿನ ಅಪ್ಪೆಮಿಡಿಗೆ ಭೌಗೋಳಿಕ ಗುರುತು ಬಂದಿದೆ. ಆ ಹೆಸರು ಹಿಡಿದು ಕೇಳುವವರಿದ್ದರೆ ತಾನೇ ಗುರುತಿಗೆ ಬೆಲೆ? ಕೇಳುವವರು ಇಲ್ಲದ ಕಡೆ ಕಾರ್ಖಾನೆಯೊಂದೇ ಗಿರಾಕಿ, ಆ ಒಬ್ಬನೇ ಗಿರಾಕಿ ಬಾಗಿಲು ಹಾಕಿದ ದಿನ ಏನಾಗುತ್ತದೆಂದು 2025ರಲ್ಲಿ ಕಂಡೆವು. ನಡಿಗೆಯ ಫಲ ಇನ್ನೂ ಒಂದು ಕಡೆ ಕಾಣುತ್ತದೆ. ತೋಟದಲ್ಲಿ ಮಲಗೋವಾ, ಇಮಾಮ್ ಪಸಂದ್‌ನಂಥ ನಾಲ್ಕಾರು ಮರ ಇದ್ದವನು ಅವನ್ನು ಕಡಿದು ತೋತಾಪುರಿ ನೆಡುವುದನ್ನು ನಿಲ್ಲಿಸುತ್ತಾನೆ.

ನಿಜವಾದ ಅಡ್ಡಿ ಬೇರೆಯೇ ಇದೆ. ನಮ್ಮ ಕಡೆ ಅನೇಕರು ಮರ ಹೂ ಬಿಟ್ಟಾಗಲೇ ಫಸಲನ್ನು ಗುತ್ತಿಗೆಗೆ ಕೊಟ್ಟುಬಿಡುತ್ತಾರೆ. ಮಗಳ ಮದುವೆ, ಬೋರ್‌ವೆಲ್ ಸಾಲ, ಕೈಗೆ ಆಗಲೇ ದುಡ್ಡು ಬೇಕು. ಔಷಧಿ ಹೊಡೆಯುವುದು, ಕಾವಲು, ಕೊಯ್ಲು ಎಲ್ಲ ಗುತ್ತಿಗೆದಾರನದ್ದು. ಹಣ್ಣು ಮಾಗುವ ಹೊತ್ತಿಗೆ ಅಪ್ಪ ನೆಟ್ಟ ಮರದ ಕೆಳಗೆ ಮಗನೇ ಹೊರಗಿನವನು. ನಮ್ಮ ಮನೆಯಲ್ಲೂ ಮೂರು ವರ್ಷ ಹೀಗೇ ಆಯಿತು. ಉಪ್ಪಿನಕಾಯಿಗೆ ನಾಲ್ಕು ಕಾಯಿ ಬೇಕಾದರೆ ಅಮ್ಮ ಕಾವಲುಗಾರನನ್ನು ಕೇಳಬೇಕಿತ್ತು. ಮಾತಾಡಬೇಕಾದ ಬೆಳೆಗಾರ ತೋಟದಲ್ಲೇ ಇಲ್ಲದಿದ್ದರೆ ಬಂದವರಿಗೆ ರುಚಿ ಹೇಳುವವರು ಯಾರು? ಹಾಗಾಗಿ ಸರ್ಕಾರ ಬಸ್ಸಿಗೆ, ಫಲಕಕ್ಕೆ ಹಣ ಹಾಕುವ ಮೊದಲು ಹೂವಿನ ಕಾಲದಲ್ಲಿ ಬೆಳೆಗಾರನಿಗೆ ಕಡಿಮೆ ಬಡ್ಡಿಯ ಸಾಲ ಸಿಗುವಂತೆ ಮಾಡಲಿ. ಹಾಲಿನ ಸಂಘದ ಜಾಲ ಹಳ್ಳಿ ಹಳ್ಳಿಯಲ್ಲಿದೆ, ಅದರ ಮೂಲಕವೇ ಕೊಡಬಹುದು. ಟಮಕದ ವಿದ್ಯಾರ್ಥಿಗಳು ಮತ್ತು ತೋಟದ ಮನೆಯ ಹುಡುಗ ಹುಡುಗಿಯರು ಜೊತೆ ಸೇರಿ ಮಾರ್ಗದರ್ಶಿಗಳಾಗಲಿ, ದಿನಕ್ಕಿಷ್ಟು ಎಂದು ಅವರಿಗೆ ಕೂಲಿ ಗೊತ್ತಾಗಲಿ. ನಡಿಗೆಯ ಟಿಕೆಟ್ ಹಣದಲ್ಲಿ ಮೊದಲ ಪಾಲು ಮರದ ಒಡೆಯನದು. ಬೆಂಗಳೂರಿನ ಯಾವುದೋ ಕಂಪನಿ ಬಂದು ತೋಟವನ್ನು ಬಾಡಿಗೆಗೆ ಹಿಡಿದು, ನಮ್ಮವರನ್ನು ಹಣ್ಣು ಹೆಚ್ಚುವವರನ್ನಾಗಿ ಮಾತ್ರ ಇಟ್ಟುಕೊಂಡರೆ, ಐವರಿ ಕೋಸ್ಟಿನ ಕಥೆಯನ್ನು ಶ್ರೀನಿವಾಸಪುರದಲ್ಲಿ ಮತ್ತೊಮ್ಮೆ ಬರೆದಂತಾಗುತ್ತದೆ.

ಡಿಸೆಂಬರ್ ಕಳೆದು ಜನವರಿ ಬಂದರೆ ಮರಗಳು ಹೂ ಬಿಡುತ್ತವೆ, ಗುತ್ತಿಗೆದಾರರು ಮುಂಗಡದ ಹಣ ಹಿಡಿದು ಮನೆ ಮನೆಗೆ ಬರುತ್ತಾರೆ. ಈ ಸಲ ಅಮ್ಮ ಒಂದು ಮಾತು ಹೇಳಿಟ್ಟಿದ್ದಾರೆ: ಉಳಿದ ಮರ ಬೇಕಾದರೆ ಕೊಡಿ, ಬಾವಿಯ ಪಕ್ಕದ ಸಾಲು ಕೊಡಬೇಡಿ. ಆ ಸಾಲಿನಲ್ಲಿ ಎರಡು ರಸಪುರಿ, ಒಂದು ಮಲಗೋವಾ, ಐದು ತೋತಾಪುರಿ ಇವೆ.