ನಡೆಯದ ನಾಣ್ಯ

ಕಳೆದ ತಿಂಗಳು ಬನಹಟ್ಟಿಯ ಪೇಟೆಯಲ್ಲಿ ಮೆಂತೆಪಲ್ಯೆ ಕೊಂಡು, ಮಾರುವ ಮುದುಕಿಯ ಕೈಯಲ್ಲಿ ಹತ್ತು ರೂಪಾಯಿಯ ನಾಣ್ಯವೊಂದನ್ನು ಇಟ್ಟೆನು. ಆಕೆಯು ಅದನ್ನು ಹೊರಳಿಸಿ ನೋಡಿ, "ಇದು ನಡಿಯಂಗಿಲ್ರೀ ಯಪ್ಪಾ, ನೋಟ ಇದ್ರ ಕೊಡ್ರಿ" ಎಂದಳು. ಮಡಿಕೆ ಬಿಚ್ಚಿದರೆ ನಾಲ್ಕು ತುಂಡಾಗುವಂತಿದ್ದ, ಎಣ್ಣೆ ಅರಿಷಿಣ ಬಡಿದ ಒಂದು ನೋಟನ್ನು ತೆಗೆದು ಕೊಟ್ಟೆನು. ಬೋಣಿಗೆಯ ದುಡ್ಡೆಂದು ಅದನ್ನು ಕಣ್ಣಿಗೊತ್ತಿಕೊಂಡು ಸಂಚಿಯಲ್ಲಿ ಸೇರಿಸಿದಳು.

ನಗುವದಕ್ಕೆ ನನಗೆ ಮನಸ್ಸಾಗಲಿಲ್ಲ. ಸಂಜೆ ಕಿರಾಣಿ ಅಂಗಡಿಯವನು ಆ ನಾಣ್ಯವನ್ನು ಒಲ್ಲೆನೆಂದರೆ ಆಕೆಯ ಒಂದು ಸಿವುಡು ಪಲ್ಯೆ ಹೋದಂತೆಯೇ ಸರಿ. ಜಮಖಂಡಿ, ಮುಧೋಳ, ಬೀಳಗಿ, ಎಲ್ಲಿಗೆ ಹೋದರೂ ನಾನು ಇದೇ ಮಾತನ್ನು ಕೇಳಿದ್ದೇನೆ.

ನಮ್ಮ ಅಜ್ಜಂದಿರ ಕಾಲಕ್ಕೆ ಇದು ತಿರುವು ಮುರುವಾಗಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಬೀಳಗಿಯು ಇಂಗ್ಲಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಆಳುವವರು ಬೇರೆಯಾದರೂ ಜನರು ನಂಬಿದ್ದುದು ಕಲದಾರ ರೂಪಾಯಿಯನ್ನು. ಅದರ ತೂಕ ಒಂದು ತೊಲ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಕಲ್ಲಿನ ಮೇಲೆ ಚಿಮ್ಮಿ, ದನಿ ಕೇಳಿಯೇ ಉಡಿಯಲ್ಲಿ ಕಟ್ಟಿಕೊಳ್ಳುವದು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯು ದುರ್ಲಭವಾಗಲು ಸರಕಾರವು 1917ನೆಯ ನವೆಂಬರ 30ರಂದು ಒಂದು ರೂಪಾಯಿಯ ನೋಟನ್ನೂ, 1918ರ ಜನೆವರಿಯಲ್ಲಿ ಎರಡೂವರೆ ರೂಪಾಯಿಯ ನೋಟನ್ನೂ ಹೊರಡಿಸಿತು. ಜನರಿಗೆ ಕಾಗದವು ಬೇಡವಾಗಿತ್ತು; ಬೆಳ್ಳಿಯನ್ನೇ ಬೇಡಿದರು. ಕೊನೆಗೆ ಆ ವರ್ಷ ಅಮೇರಿಕೆಯಿಂದ 20 ಕೋಟಿ ಔನ್ಸು ಬೆಳ್ಳಿಯನ್ನು ತರಿಸಬೇಕಾಯಿತು. 1926ರಲ್ಲಿ ನಿಂತ ಒಂದು ರೂಪಾಯಿಯ ನೋಟು 1940ರಲ್ಲಿ, ಮತ್ತೊಂದು ಯುದ್ಧದ ಬೆನ್ನಿಗೆ ತಿರುಗಿ ಬಂದಿತು.

ಚಿಕ್ಕ ನೋಟು ಹೆಚ್ಚು ಕೈ ಹಾಯುವದು. ಆದ್ದರಿಂದ ಬೇಗನೆ ಸಾಯುವದು. ಮುದ್ರಣದ ಖರ್ಚು ಮಾತ್ರ ತಪ್ಪದು. ಈ ಕಾರಣದಿಂದ 1994ರಲ್ಲಿ ಒಂದರ ನೋಟನ್ನೂ, 1995ರಲ್ಲಿ ಎರಡರ ಮತ್ತು ಐದರ ನೋಟುಗಳನ್ನೂ ಅಚ್ಚು ಹಾಕುವದು ನಿಂತು, ಅವುಗಳ ಕೆಲಸವು ನಾಣ್ಯಗಳ ಪಾಲಿಗೆ ಬಂದಿತು. (ಒಂದರ ನೋಟು 2015ರಲ್ಲಿ ಮತ್ತೆ ಮುಖ ತೋರಿತು, ಮದುವೆಯ ಮುಯ್ಯಿಗೆ ಅನುಕೂಲವಾಯಿತೆನ್ನಿ.) ಒಂದು, ಎರಡು, ಐದರ ನಾಣ್ಯಗಳನ್ನು ನಮ್ಮವರು ತಕರಾರಿಲ್ಲದೆ ತೆಗೆದುಕೊಂಡರು. ಎಡವಿದ್ದು ಹತ್ತರಲ್ಲಿ, ಅದರ ನೋಟೂ ಜೊತೆಗೇ ನಡೆದಿರುವದರಿಂದ ಆರಿಸುವದಕ್ಕೆ ಎಡೆಯಾಯಿತು.

ಸಂಶಯದ ಬೇರು ಬಹಳ ಸಣ್ಣದು. ರೂಪಾಯಿಯ ಚಿಹ್ನೆಯು ನಿಶ್ಚಿತವಾದದ್ದು 2010ರಲ್ಲಿ. ನಾಣ್ಯಗಳ ಮೇಲೆ ಬಂದದ್ದು 2011ರಲ್ಲಿ. ಅದಕ್ಕೂ ಮೊದಲಿನ ಹತ್ತರ ನಾಣ್ಯಗಳಲ್ಲಿ ಆ ಚಿಹ್ನೆ ಇಲ್ಲ. ಇಲ್ಲದ್ದು ಖೋಟಾ ಎಂದು ಯಾರೋ ಆಡಿದರು, ಊರೆಲ್ಲ ನಂಬಿತು. ರಿಝರ್ವ್ ಬ್ಯಾಂಕು 2018ನೆಯ ಜನೆವರಿ 17ರಂದು, ಅದುವರೆಗೆ ಹೊರಟ 14 ಮಾದರಿಗಳೂ ಸಾಚಾ ಎಂದು ಪ್ರಕಟಿಸಿತು. ಆ ಪ್ರಕಟಣೆಯು ಮುದುಕಿಯ ಬುಟ್ಟಿಯವರೆಗೆ ಬಂದು ಮುಟ್ಟಲಿಲ್ಲ. ಅಜ್ಜನು ಬೆಳ್ಳಿಯನ್ನು ನಂಬಿದ್ದಕ್ಕೆ ಅರ್ಥವಿತ್ತು. ಇಂದಿನ ನಾಣ್ಯದಲ್ಲಿ ಬೆಳ್ಳಿಯಿಲ್ಲ. ಅದರ ಬೆಲೆಯೂ ನೋಟಿನ ಬೆಲೆಯೂ ಸರಕಾರದ ಮಾತಿನ ಮೇಲೆಯೇ ನಿಂತಿವೆ. ಮಾತು ಒಂದೇ ಆಗಿರುವಾಗ ಹರಕನ್ನು ಆರಿಸಿ ಗಟ್ಟಿಯಾದದ್ದನ್ನು ಬಿಡುವದು ನನಗೆ ತಿಳಿಯದ ಲೆಕ್ಕ.

ನಮ್ಮ ಮನೆಯಲ್ಲಿ ಚಹಾಪುಡಿಯ ಡಬ್ಬಿಯೊಳಗೆ ಇಂಥ 43 ನಾಣ್ಯಗಳು ಕೂತಿದ್ದವು. ಮನೆಯವಳು ಅವನ್ನು "ಸತ್ತ ದುಡ್ಡು" ಎನ್ನುತ್ತಿದ್ದಳು. 2011ರ ನಾಣ್ಯ ಕಾಯಿದೆಯಂತೆ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳಲ್ಲಿ ಒಂದು ಸಲಕ್ಕೆ ಸಾವಿರ ರೂಪಾಯಿಯವರೆಗೆ ಸಲ್ಲಿಸಬಹುದು. ಬ್ಯಾಂಕಿನವರೂ ಅವನ್ನು ತೆಗೆದುಕೊಳ್ಳತಕ್ಕದ್ದು. ನೂರು ನೂರರಂತೆ ಚೀಲದಲ್ಲಿ ಕಟ್ಟಿ ಒಯ್ದರೆ ಎಣಿಸುವವರಿಗೂ ಸುಲಭ. ನಾನು ಬ್ಯಾಂಕಿಗೆ ಒಯ್ಯಲಿಲ್ಲ. ಮುಂದಿನ ವಾರ ಎರಡು ನಾಣ್ಯಗಳನ್ನು ಮುದುಕಿಗೆ ಕೊಟ್ಟು, "ಇಟ್ಟುಕೋ ಅವ್ವಾ, ನಡೆಯದಿದ್ದರೆ ನನಗೇ ತಿರುಗಿ ಕೊಡು, ನೋಟು ಕೊಡುತ್ತೇನೆ" ಎಂದೆನು.

ಮರುವಾರ ಒಂದನ್ನು ಮರಳಿ ಕೊಟ್ಟಳು. ಇನ್ನೊಂದೆಲ್ಲಿ ಎಂದು ಕೇಳಿದೆನು. ಚಹಾದಂಗಡಿಯವನು ಸುಮ್ಮನೆ ಇಸಕೊಂಡನಂತೆ.